ಆ ಮನೆ ನಮ್ಮದಲ್ಲ, ಆದರೂ ಒಮ್ಮೆ ಹೋಗಿಬನ್ನಿ

2018ರ ವಿಧಾನಸಭಾ ಚುನಾವಣೆಯಲ್ಲಿ ವಿಜಯನಗರ ಕ್ಷೇತ್ರವನ್ನು ಕಾಂಗ್ರೆಸ್‌ನ ಎಂ. ಕೃಷ್ಣಪ್ಪ 2,775 ಮತಗಳ ಅಂತರದಲ್ಲಿ ಉಳಿಸಿಕೊಂಡರು. ಎದುರಾಳಿ ಬಿಜೆಪಿಯ ಎಚ್. ರವೀಂದ್ರ. ಹಸ್ತದ ಗುರುತಿಗೆ ಒತ್ತಿದವರಲ್ಲಿ 1,388 ಜನ ಅಂದು ಕಮಲಕ್ಕೆ ಒತ್ತಿದ್ದರೆ ಫಲಿತಾಂಶವೇ ತಿರುವುಮುರುವಾಗುತ್ತಿತ್ತು. ಅತ್ತಿಗುಪ್ಪೆಯ ಒಂದೆರಡು ಮತಗಟ್ಟೆಗಳಲ್ಲೇ ಅಷ್ಟು ಮತದಾರರು ಸಿಗುತ್ತಾರೆ.

ಚುನಾವಣೆ ನಡೆಸುವವರಿಗೆ ಈ ಲೆಕ್ಕ ಬಾಯಿಪಾಠ. ಮನೆಯಲ್ಲೇ ಕೂತಿದ್ದ ತಮ್ಮ ಕಡೆಯವನನ್ನು ಮತಗಟ್ಟೆಗೆ ಹೊರಡಿಸಿದರೆ ಒಂದು ಓಟು ಬರುತ್ತದೆ. ಎದುರು ಪಕ್ಷದವನೊಬ್ಬ ಈ ಕಡೆ ಬಂದರೆ ಅಲ್ಲಿ ಒಂದು ಕಳೆದು, ಇಲ್ಲಿ ಒಂದು ಕೂಡಿ ಎರಡಾಗುತ್ತದೆ. 2023ರಲ್ಲಿ ಜಯನಗರ ಕೇವಲ 16 ಮತಗಳಿಂದ ಬಿಜೆಪಿಯ ಸಿ.ಕೆ. ರಾಮಮೂರ್ತಿ ಅವರ ಪಾಲಾಯಿತು. ಗೆದ್ದವರಿಗೆ ಹಾಕಿದವರಲ್ಲಿ ಒಂಬತ್ತು ಜನ ಆ ಕಡೆ ಹಾಕಿದ್ದರೆ ಶಾಸಕರೇ ಬೇರೆಯವರಾಗುತ್ತಿದ್ದರು. ಬೂತ್ ಮಟ್ಟದ ಸಭೆಗಳಲ್ಲಿ ಹುಡುಗರಿಗೆ ಹೇಳುವ ಮಾತು ಇದರಿಂದಲೇ ಹುಟ್ಟಿದ್ದು: ‘ಆ ಮನೆ ನಮ್ಮದಲ್ಲ, ಆದರೂ ಒಮ್ಮೆ ಹೋಗಿಬನ್ನಿ.’

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಮೂಡಲಪಾಳ್ಯ, ನಾಗರಭಾವಿ, ಕೆಂಗೇರಿ ಸೇರಿದ ಪಶ್ಚಿಮ ಬೆಂಗಳೂರಿನಲ್ಲಿ ಇಂಥ ಮನೆಗಳಿಗೆ ಕೊರತೆಯಿಲ್ಲ. ಇಲ್ಲಿನ ಮತದಾರರನ್ನು ಒಲಿಸಿಕೊಳ್ಳಲು ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಮೂರೂ ಪಕ್ಷಗಳು ದಶಕಗಳಿಂದ ಮಾಡದ ಪ್ರಯೋಗವಿಲ್ಲ. ಅವುಗಳಲ್ಲಿ ಕೆಲವನ್ನು ಮತದಾರ ಒಪ್ಪಿದ್ದಾನೆ, ಕೆಲವನ್ನು ಬಾಗಿಲಲ್ಲೇ ತಡೆದಿದ್ದಾನೆ. ಅವನ ಕಣ್ಣಿಗೆ ಮಣ್ಣೆರಚಲು ನೋಡಿದವರೂ ಇದ್ದಾರೆ.

ಒಂದು ಪುಟ, ಮೂವತ್ತು ಚೌಕ

ಮತದಾರರ ಪಟ್ಟಿಯ ಒಂದು ಪುಟವನ್ನು ಕೈಗೆತ್ತಿಕೊಳ್ಳಿ. ಅಡ್ಡಕ್ಕೆ ಮೂರು, ಉದ್ದಕ್ಕೆ ಹತ್ತು, ಒಟ್ಟು ಮೂವತ್ತು ಚೌಕಗಳು. ಪ್ರತಿ ಚೌಕದಲ್ಲಿ ಕ್ರಮಸಂಖ್ಯೆ, ಗುರುತಿನ ಚೀಟಿಯ ಸಂಖ್ಯೆ, ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ. ಚುನಾವಣಾ ಆಯೋಗ ಕೊಡುವುದು ಇಷ್ಟೇ. ಜಾತಿ ಇಲ್ಲ, ಮೊಬೈಲ್ ನಂಬರ್ ಇಲ್ಲ, ಕಳೆದ ಸಲ ಯಾರಿಗೆ ಹಾಕಿದರು ಎಂಬುದಂತೂ ಇರಲು ಸಾಧ್ಯವೇ ಇಲ್ಲ.

ಪಕ್ಷಗಳ ಕೆಲಸ ಶುರುವಾಗುವುದೇ ಪಟ್ಟಿ ಹೇಳದೆ ಬಿಟ್ಟ ಈ ಸಂಗತಿಗಳಿಂದ. ಬಿಜೆಪಿ ಪ್ರತಿ ಪುಟಕ್ಕೂ ಒಬ್ಬ ಪೇಜ್ ಪ್ರಮುಖನನ್ನು ನೇಮಿಸುವ ಪದ್ಧತಿ ಬೆಳೆಸಿತು. ಆ ಮೂವತ್ತು ಜನರ ಹೊಣೆ ಅವನದು. ಕಾಂಗ್ರೆಸ್ ಮತ್ತು ಜೆಡಿಎಸ್ ಬೂತ್ ಸಮಿತಿ, ಬೂತ್ ಏಜೆಂಟರ ಮೂಲಕ ಇದೇ ಕೆಲಸ ಮಾಡಿಸುತ್ತವೆ. ಹೆಸರಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಗುರುತು ಬೀಳುತ್ತದೆ: ನಮ್ಮವರು, ಅವರ ಕಡೆಯವರು, ಹೇಳಲಾಗದು. ಮೊದಲ ಗುಂಪಿಗೆ ಮತದಾನದ ದಿನ ಬೆಳಿಗ್ಗೆ ಫೋನ್ ಹೋಗುತ್ತದೆ. ಮೂರನೆಯ ಗುಂಪಿನವರ ಮನೆಗೆ ಅಭ್ಯರ್ಥಿಯೇ ಬರುತ್ತಾರೆ. ತಂತ್ರಗಾರಿಕೆಯ ನಿಜವಾದ ಪರೀಕ್ಷೆ ಎರಡನೆಯ ಗುಂಪಿನಲ್ಲಿದೆ.

ಆ ಬಾಗಿಲಲ್ಲಿ ನಡೆಯುವ ಮಾತು ಚಿಕ್ಕದು. ‘ಅಕ್ಕಾ, ಈ ಸಲ ನಮ್ ಕಡೆನೂ ಸ್ವಲ್ಪ ನೋಡ್ಕೊಳ್ಳಿ.’ ‘ಆಯ್ತು ಬಿಡಪ್ಪ, ನೋಡೋಣ. ಮೊದ್ಲು ಆ ಮೋರಿ ಸರಿ ಮಾಡ್ಸು, ಮಳೆ ಬಂದ್ರೆ ನೀರೆಲ್ಲ ಒಳಗೇ ಬರುತ್ತೆ.’ ಕರಪತ್ರ ಕೈ ಬದಲಾಗುತ್ತದೆ, ಹುಡುಗರು ಮುಂದಿನ ಮನೆಗೆ ಹೋಗುತ್ತಾರೆ. ಈ ಅರ್ಧ ನಿಮಿಷದಲ್ಲಿ ಓಟು ಕೇಳಲು ಬಂದವನಿಗೆ ಒಂದು ಮಾಹಿತಿ ಸಿಕ್ಕಿತು: ಮೋರಿ. ಅದನ್ನು ನೆನಪಿಟ್ಟುಕೊಂಡು ಚುನಾವಣೆಗೆ ಮುಂಚೆಯೋ ನಂತರವೋ ಕೆಲಸ ಮಾಡಿಸಿದವನು ಆ ಮನೆಗೆ ಎರಡನೇ ಸಲ ಧೈರ್ಯವಾಗಿ ಹೋಗಬಲ್ಲ.

ಒಬ್ಬ ನಾಯಕ, ನಾಲ್ಕು ಗುರುತು

ಈ ಭಾಗದ ಮತದಾರರ ಮನಸ್ಸನ್ನು ಅರಿಯಲು ವಿ. ಸೋಮಣ್ಣ ಅವರ ರಾಜಕೀಯ ಬದುಕಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 2008ರ ಕ್ಷೇತ್ರ ಮರುವಿಂಗಡಣೆಗೆ ಮುಂಚೆ ಇಲ್ಲಿ ಬಿನ್ನಿಪೇಟೆ ಎಂಬ ವಿಧಾನಸಭಾ ಕ್ಷೇತ್ರವಿತ್ತು. ಮಾಗಡಿ ರಸ್ತೆಯ ಆಸುಪಾಸಿನ ಕಾರ್ಮಿಕರು, ಹಳೇ ಮೈಸೂರು ಸೀಮೆಯಿಂದ ಬಂದು ನೆಲೆಸಿದವರು, ಸಣ್ಣ ವ್ಯಾಪಾರಿಗಳು, ಸರ್ಕಾರಿ ನೌಕರರು ಎಲ್ಲ ಬೆರೆತ ಪ್ರದೇಶ. ಸೋಮಣ್ಣ ಅಲ್ಲಿಂದ 1994ರಲ್ಲಿ ಜನತಾದಳದಿಂದ, 1999ರಲ್ಲಿ ಪಕ್ಷೇತರರಾಗಿ, 2004ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ಮೂರು ಚುನಾವಣೆ, ಮೂರು ಗುರುತು. ಮತದಾರರು ಪ್ರತಿ ಸಲವೂ ಗುರುತನ್ನು ಬದಿಗಿಟ್ಟು ವ್ಯಕ್ತಿಗೆ ಒತ್ತಿದರು.

2008ರಲ್ಲಿ ಹೊಸದಾಗಿ ರಚನೆಯಾದ ಗೋವಿಂದರಾಜನಗರದಿಂದ ಅವರು ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದರು. ಆ ವರ್ಷ ಬಿಜೆಪಿಗೆ ಸಿಕ್ಕಿದ್ದು 110 ಸ್ಥಾನ. ಬಹುಮತಕ್ಕೆ 113 ಬೇಕು. ‘ಆಪರೇಷನ್ ಕಮಲ’ ಎಂಬ ಮಾತು ಕರ್ನಾಟಕದ ರಾಜಕೀಯಕ್ಕೆ ಬಂದ ಕಾಲ ಅದು. ಎದುರು ಪಕ್ಷದ ಸಾವಿರಾರು ಮತದಾರರನ್ನು ಒಬ್ಬೊಬ್ಬರಾಗಿ ಒಪ್ಪಿಸುವುದಕ್ಕಿಂತ ಅವರು ಆರಿಸಿದ ಶಾಸಕರನ್ನೇ ಕರೆತಂದರೆ ಮತದಾರರೂ ಹಿಂದೆ ಬರುತ್ತಾರೆ ಎಂಬುದು ಅದರ ಒಳಲೆಕ್ಕ. ಸೋಮಣ್ಣ 2009ರಲ್ಲಿ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿ ಉಪಚುನಾವಣೆಗೆ ನಿಂತರು. ರಾಜ್ಯದಲ್ಲಿ ಬಿಜೆಪಿಯದೇ ಸರ್ಕಾರವಿತ್ತು, ಅಭ್ಯರ್ಥಿಗೆ ಕ್ಷೇತ್ರದ ಗಲ್ಲಿಗಲ್ಲಿಯ ಪರಿಚಯವಿತ್ತು. ಆದರೂ ಜನ ಗೆಲ್ಲಿಸಿದ್ದು ಕಾಂಗ್ರೆಸ್‌ನ ಪ್ರಿಯಕೃಷ್ಣ ಅವರನ್ನು. ಪಕ್ಕದ ವಿಜಯನಗರದ ಶಾಸಕ ಕೃಷ್ಣಪ್ಪ ಅವರ ಮಗ ಎಂಬ ಬಲ ಅವರಿಗಿತ್ತು ನಿಜ. ಒಂದೇ ವರ್ಷದ ಹಿಂದೆ ಕೊಟ್ಟ ಓಟನ್ನು ತಮ್ಮನ್ನು ಕೇಳದೆ ಇನ್ನೊಂದು ಪಕ್ಷಕ್ಕೆ ಒಯ್ದದ್ದನ್ನು ಗೋವಿಂದರಾಜನಗರ ಒಪ್ಪಲಿಲ್ಲ ಎಂಬುದೂ ಅಷ್ಟೇ ನಿಜ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2013ರಲ್ಲೂ ಪ್ರಿಯಕೃಷ್ಣ ಗೆದ್ದರು. 2018ರಲ್ಲಿ ಅದೇ ಕ್ಷೇತ್ರ ಬಿಜೆಪಿಯ ಸೋಮಣ್ಣ ಅವರನ್ನು 11,375 ಮತಗಳಿಂದ ಗೆಲ್ಲಿಸಿತು. 2023ರಲ್ಲಿ ಪಕ್ಷ ಅವರನ್ನು ವರುಣಾ ಮತ್ತು ಚಾಮರಾಜನಗರಕ್ಕೆ ಕಳಿಸಿತು. ಎರಡೂ ಕಡೆ ಸೋತರು. ಇತ್ತ ಗೋವಿಂದರಾಜನಗರದಲ್ಲಿ ಬಿಜೆಪಿ ಕೆ. ಉಮೇಶ್ ಶೆಟ್ಟಿ ಅವರನ್ನು ನಿಲ್ಲಿಸಿತು. ಪ್ರಿಯಕೃಷ್ಣ 12,516 ಮತಗಳಿಂದ ಮರಳಿದರು. ಐದು ವರ್ಷದಲ್ಲಿ ಅಂತರ 23,891 ಮತಗಳಷ್ಟು ಅತ್ತಿಂದಿತ್ತ ಹೊರಳಿತು. ಕಾಮಾಕ್ಷಿಪಾಳ್ಯದ ಕಡೆಯಿಂದ ನಾಯಂಡಹಳ್ಳಿಯವರೆಗೆ ಸಾವಿರಾರು ಮನೆಗಳಲ್ಲಿ ಓಟು ಆ ಕಡೆಯಿಂದ ಈ ಕಡೆಗೆ ನಿಜಕ್ಕೂ ಸರಿದಾಡುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕೆಂಗೇರಿ ಕೊಟ್ಟ ಬೇರೆ ಉತ್ತರ

ಎದುರು ಪಕ್ಷದ ಶಾಸಕರನ್ನೇ ಕರೆತರುವ 2009ರ ಆ ತಂತ್ರ ಹತ್ತು ವರ್ಷದ ನಂತರ ಇನ್ನೂ ದೊಡ್ಡದಾಗಿ ಬಂತು. 2019ರಲ್ಲಿ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರ ಉರುಳಿದಾಗ ಅನರ್ಹಗೊಂಡ 17 ಶಾಸಕರಲ್ಲಿ ಈ ದಿಕ್ಕಿನವರೂ ಇದ್ದರು. ಕೆಂಗೇರಿಯನ್ನು ಒಳಗೊಂಡ ಯಶವಂತಪುರದ ಕಾಂಗ್ರೆಸ್ ಶಾಸಕ ಎಸ್.ಟಿ. ಸೋಮಶೇಖರ್ ಒಬ್ಬರು, ಮಹಾಲಕ್ಷ್ಮಿ ಲೇಔಟ್‌ನ ಜೆಡಿಎಸ್ ಶಾಸಕ ಕೆ. ಗೋಪಾಲಯ್ಯ ಇನ್ನೊಬ್ಬರು. ಇಬ್ಬರೂ ಬಿಜೆಪಿ ಸೇರಿ ಡಿಸೆಂಬರ್‌ನ ಉಪಚುನಾವಣೆಗೆ ನಿಂತರು.

ಈ ಸಲ ಮತದಾರರು ಹಿಂದೆ ಬಂದರು. ಗೋಪಾಲಯ್ಯ ಐವತ್ತು ಸಾವಿರಕ್ಕೂ ಹೆಚ್ಚು ಅಂತರದಲ್ಲಿ, ಸೋಮಶೇಖರ್ 27 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಹೊಸಕೋಟೆ, ಹುಣಸೂರಿನಲ್ಲಿ ಮಾತ್ರ ಹೀಗೇ ಪಕ್ಷ ಬದಲಿಸಿದ ಎಂ.ಟಿ.ಬಿ. ನಾಗರಾಜ್ ಮತ್ತು ಎಚ್. ವಿಶ್ವನಾಥ್ ಸೋತರು. ಪಶ್ಚಿಮದಲ್ಲಿ ಏಕೆ ಫಲಿಸಿತು? ಕೂಡಿ ಸರ್ಕಾರ ನಡೆಸಿದ್ದ ಕಾಂಗ್ರೆಸ್, ಜೆಡಿಎಸ್ ಉಪಚುನಾವಣೆಯಲ್ಲಿ ಬೇರೆಬೇರೆ ನಿಂತವು. ಜೊತೆಗೆ ಬಡಾವಣೆಗಳಿಗೆ ಕಾವೇರಿ ನೀರು, ಒಳಚರಂಡಿ, ಖಾತೆ ಬೇಕಿರುವಾಗ ಆಳುವ ಪಕ್ಷದ ಶಾಸಕರಿದ್ದರೆ ಕೆಲಸವಾದೀತು ಎಂಬ ನಿರೀಕ್ಷೆಗೆ ತೂಕವಿತ್ತು.

ಯಶವಂತಪುರ 2023ರಲ್ಲೂ ಸೋಮಶೇಖರ್ ಅವರನ್ನು ಬಿಜೆಪಿಯಿಂದಲೇ ಗೆಲ್ಲಿಸಿತು. ಒಂದು ವರ್ಷ ಕಳೆಯುವ ಮುನ್ನವೇ, 2024ರ ಫೆಬ್ರುವರಿಯ ರಾಜ್ಯಸಭಾ ಚುನಾವಣೆಯಲ್ಲಿ ಅವರು ಕಾಂಗ್ರೆಸ್‌ಗೆ ಮತ ಹಾಕಿದರು; 2025ರ ಮೇನಲ್ಲಿ ಬಿಜೆಪಿ ಅವರನ್ನು ಉಚ್ಚಾಟಿಸಿತು. ಇತ್ತ 2023ರ ಸೆಪ್ಟೆಂಬರ್‌ನಲ್ಲಿ ಬಿಜೆಪಿ, ಜೆಡಿಎಸ್ ಕೈಜೋಡಿಸಿದವು. ಹೀಗಾಗಿ ಸೋಮಶೇಖರ್ ವಿರುದ್ಧ ಜೆಡಿಎಸ್‌ನ ಟಿ.ಎನ್. ಜವರಾಯಿಗೌಡರಿಗೆ ಹಲವು ಸಲ ಓಟು ಹಾಕಿದ್ದ ಕೆಂಗೇರಿಯ ಜೆಡಿಎಸ್ ಮತದಾರನ ಮನೆಗೆ ಲೋಕಸಭಾ ಚುನಾವಣೆಯ ಹೊತ್ತಿಗೆ ಕಮಲದ ಕರಪತ್ರ ಬಂತು. ತಂತ್ರಗಾರರು ಮೇಜಿನ ಮೇಲೆ ಎರಡು ಪಕ್ಷಗಳ ಶೇಕಡಾವಾರು ಕೂಡಿಸುವುದು ಸುಲಭ. ಇಪ್ಪತ್ತು ವರ್ಷ ಯಾರ ವಿರುದ್ಧ ಬ್ಯಾನರ್ ಕಟ್ಟಿದ್ದರೋ ಅವರ ಜೊತೆಯಲ್ಲೇ ಈಗ ಬೀದಿಗಿಳಿಯಬೇಕಾದ ಕಾರ್ಯಕರ್ತನಿಗೆ ಅದು ಸಣ್ಣ ಸಂಗತಿಯಲ್ಲ.

ಕದಲದ ರಾಜಾಜಿನಗರ

1949ರಲ್ಲಿ ಕೈಗಾರಿಕಾ ಉಪನಗರವಾಗಿ ಹುಟ್ಟಿ, ಸಿ. ರಾಜಗೋಪಾಲಾಚಾರಿಯವರ ಹೆಸರು ಹೊತ್ತ ರಾಜಾಜಿನಗರದ ಸ್ವಭಾವವೇ ಬೇರೆ. ಬಿಜೆಪಿಯ ಎಸ್. ಸುರೇಶ್‌ಕುಮಾರ್ 1994ರಿಂದ ಇಲ್ಲಿ ಗೆಲ್ಲುತ್ತ ಬಂದಿದ್ದಾರೆ. ನಡುವೆ ಸೋತದ್ದು 2004ರಲ್ಲಿ ಮಾತ್ರ, ಕಾಂಗ್ರೆಸ್‌ನ ನೆ.ಲ. ನರೇಂದ್ರಬಾಬು ಎದುರು. ಸುರೇಶ್‌ಕುಮಾರ್ ಅವರ ಮತದಾರರನ್ನು ಸೆಳೆಯಲು ಎರಡು ಗಂಭೀರ ಪ್ರಯತ್ನಗಳು ನಡೆದವು. ಯಡಿಯೂರಪ್ಪ ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದ ಮೇಲೆ, 2013ರಲ್ಲಿ ಶೋಭಾ ಕರಂದ್ಲಾಜೆ ಆ ಪಕ್ಷದಿಂದ ಇಲ್ಲೇ ನಿಂತರು. ರಾಜ್ಯದಲ್ಲಿ ಬಿಜೆಪಿ 40 ಸ್ಥಾನಕ್ಕೆ ಕುಸಿದ ಆ ವರ್ಷವೂ ರಾಜಾಜಿನಗರ ಸುರೇಶ್‌ಕುಮಾರ್ ಅವರನ್ನು ಬಿಡಲಿಲ್ಲ.

ಎರಡನೆಯ ಪ್ರಯತ್ನ 2023ರದ್ದು. ಬಿಜೆಪಿಯ ಓಟು ತರಲು ಬಿಜೆಪಿಯಲ್ಲಿದ್ದವರೇ ಬೇಕು ಎಂಬ ಲೆಕ್ಕದಲ್ಲಿ ಕಾಂಗ್ರೆಸ್ ಪುಟ್ಟಣ್ಣ ಅವರಿಗೆ ಟಿಕೆಟ್ ಕೊಟ್ಟಿತು. ಬೆಂಗಳೂರು ಶಿಕ್ಷಕರ ಕ್ಷೇತ್ರದಿಂದ ಬಿಜೆಪಿಯ ವಿಧಾನ ಪರಿಷತ್ ಸದಸ್ಯರಾಗಿದ್ದ ಅವರು ಚುನಾವಣೆಗೆ ಎರಡು ತಿಂಗಳಿರುವಾಗ ಪಕ್ಷ ಬದಲಿಸಿದ್ದರು. ಸುಮಾರು ಎಂಟು ಸಾವಿರ ಮತಗಳಿಂದ ಸೋತರು. ಮರುವರ್ಷ ಫೆಬ್ರುವರಿಯಲ್ಲಿ ಶಿಕ್ಷಕರ ಕ್ಷೇತ್ರದ ಉಪಚುನಾವಣೆಗೆ ಅದೇ ಕಾಂಗ್ರೆಸ್‌ನಿಂದ ನಿಂತು ಗೆದ್ದರು. ಶಿಕ್ಷಕರ ಜೊತೆ ಅವರ ಒಡನಾಟ ವರ್ಷಗಳದ್ದು, ರಾಜಾಜಿನಗರದ ಜೊತೆ ವಾರಗಳದ್ದು. ಎದುರು ಪಕ್ಷದ ಮತದಾರನನ್ನು ಗೆಲ್ಲಲು ಎಷ್ಟು ಕಾಲ ಬೇಕು ಎಂಬುದಕ್ಕೆ ಈ ಎರಡು ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ವಿಧಾನಸಭೆಗೊಂದು, ಲೋಕಸಭೆಗೊಂದು

ಪಶ್ಚಿಮ ಬೆಂಗಳೂರು ಮೂರು ಲೋಕಸಭಾ ಕ್ಷೇತ್ರಗಳಿಗೆ ಹಂಚಿಹೋಗಿದೆ. ರಾಜಾಜಿನಗರ ಬೆಂಗಳೂರು ಕೇಂದ್ರಕ್ಕೆ, ವಿಜಯನಗರ ಮತ್ತು ಗೋವಿಂದರಾಜನಗರ ಬೆಂಗಳೂರು ದಕ್ಷಿಣಕ್ಕೆ, ಮಹಾಲಕ್ಷ್ಮಿ ಲೇಔಟ್ ಮತ್ತು ಯಶವಂತಪುರ ಬೆಂಗಳೂರು ಉತ್ತರಕ್ಕೆ ಸೇರಿವೆ. 2023ರಲ್ಲಿ ವಿಜಯನಗರ, ಗೋವಿಂದರಾಜನಗರ ಎರಡೂ ಕಾಂಗ್ರೆಸ್ ಶಾಸಕರನ್ನು ಆರಿಸಿದವು. 2024ರ ಏಪ್ರಿಲ್ 26ರಂದು ಮತ ಹಾಕಿದ ಮೂರೂ ಲೋಕಸಭಾ ಕ್ಷೇತ್ರಗಳು ಬಿಜೆಪಿಗೆ ಹೋದವು. ದಕ್ಷಿಣದಲ್ಲಿ ತೇಜಸ್ವಿ ಸೂರ್ಯ ಅವರ ಅಂತರ 2.77 ಲಕ್ಷ.

ಇದು ಕನ್ನಡಿಗರ ಹಳೆಯ ರೂಢಿ. 1984ರ ಡಿಸೆಂಬರ್‌ನಲ್ಲಿ, ಇಂದಿರಾ ಗಾಂಧಿ ಹತ್ಯೆಯ ನಂತರದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 24 ಸ್ಥಾನ ಕಾಂಗ್ರೆಸ್‌ಗೆ ಕೊಟ್ಟಿತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅದನ್ನು ತಮ್ಮ ಸೋಲೆಂದು ಒಪ್ಪಿ, ಹೊಸ ಜನಾದೇಶ ಕೇಳಿದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ಮೂರೇ ತಿಂಗಳು. ಆಗ ಮೊಬೈಲ್ ಆ್ಯಪ್ ಇರಲಿಲ್ಲ, ಸಮೀಕ್ಷಾ ಕಂಪನಿಗಳ ಈ ಪರಿಯ ಭರಾಟೆ ಇರಲಿಲ್ಲ. ಎದುರು ಪಕ್ಷಕ್ಕೆ ಹಾಕಿದವರ ಮುಂದೆ ಒಬ್ಬ ಮುಖ್ಯಮಂತ್ರಿ ನೇರವಾಗಿ ಹೋಗಿ ನಿಂತರು; ಜನ ಅದಕ್ಕೆ ಬೆಲೆ ಕೊಟ್ಟರು.

ಬೇರೆ ದೇಶಗಳಲ್ಲೂ ಇಂಥ ಮತದಾರರ ಬೆನ್ನುಹತ್ತಿದವರಿದ್ದಾರೆ. ಅಮೆರಿಕದ ಮಿಷಿಗನ್ ರಾಜ್ಯದ ಮಕೂಂಬ್ ಕೌಂಟಿ ಕಾರು ಕಾರ್ಖಾನೆ ಕಾರ್ಮಿಕರ ಪ್ರದೇಶ. 1960ರಲ್ಲಿ ಡೆಮಾಕ್ರಟಿಕ್ ಪಕ್ಷದ ಕೆನಡಿ ಅವರಿಗೆ ಭಾರಿ ಬೆಂಬಲ ಕೊಟ್ಟಿದ್ದ ಅದು 1984ರಲ್ಲಿ ಅಷ್ಟೇ ಉತ್ಸಾಹದಿಂದ ರಿಪಬ್ಲಿಕನ್ ರೇಗನ್ ಅವರನ್ನು ಬೆಂಬಲಿಸಿತು. ಕಾರಣ ಹುಡುಕಲು ಸ್ಟ್ಯಾನ್ಲಿ ಗ್ರೀನ್‌ಬರ್ಗ್ ಎಂಬ ಸಮೀಕ್ಷಕರು 1985ರಲ್ಲಿ ಅಲ್ಲಿಗೇ ಹೋಗಿ, ಪಕ್ಷ ಬಿಟ್ಟವರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿಕೊಂಡು ಅವರ ಸಿಟ್ಟನ್ನು ಕೇಳಿಸಿಕೊಂಡರು. ಇನ್ನೊಂದು ಅಧ್ಯಯನ ತಂತ್ರಗಾರರಿಗೆ ಕಹಿಯಾದದ್ದು. 2018ರಲ್ಲಿ ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ ಅಮೆರಿಕದ 49 ಕ್ಷೇತ್ರ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ಸಾರ್ವತ್ರಿಕ ಚುನಾವಣೆಯ ಕೊನೆಯ ದಿನಗಳ ಕರೆ, ಕರಪತ್ರ, ಜಾಹೀರಾತುಗಳಿಂದ ಮತದಾರರ ಆಯ್ಕೆ ಬದಲಾಗುವ ಪ್ರಮಾಣ ಸರಾಸರಿ ಸೊನ್ನೆ ಎಂದು ಅವರು ಕಂಡುಕೊಂಡರು. ಅದಕ್ಕೆ ಎರಡು ವರ್ಷ ಮುಂಚೆ ಇದೇ ಇಬ್ಬರು ಪ್ರಕಟಿಸಿದ ಮಯಾಮಿಯ ಪ್ರಯೋಗದಲ್ಲಿ, ಬಾಗಿಲಲ್ಲಿ ಹತ್ತು ನಿಮಿಷ ನಿಂತು ಮನೆಯವರ ಅನುಭವವನ್ನೇ ಕೇಳುವ ಮಾತುಕತೆಯ ಪರಿಣಾಮ ಮೂರು ತಿಂಗಳಾದರೂ ಉಳಿದಿತ್ತು. ಅಲ್ಲಿ ಕೇಳಿದ್ದು ಓಟಲ್ಲ, ಲಿಂಗತ್ವ ಅಲ್ಪಸಂಖ್ಯಾತರ ಬಗೆಗಿನ ಮನೋಭಾವದ ಪ್ರಶ್ನೆ. ಆದರೂ ಕಿವಿಗೊಟ್ಟು ಕೇಳುವುದರ ಬಲವನ್ನು ಅದು ತೋರಿಸಿತು.

ಬೆಸ್ಕಾಂ ಬಿಲ್ಲಿನ ಸೊನ್ನೆ

2023ರಲ್ಲಿ ಕಾಂಗ್ರೆಸ್‌ನ ತಂತ್ರ ರೂಪಿಸಿದವರು ಬಳ್ಳಾರಿ ಮೂಲದ ಸುನಿಲ್ ಕನುಗೋಲು. ಅದಕ್ಕೂ ಮೊದಲು ಅವರು ಬಿಜೆಪಿಗೂ ಕೆಲಸ ಮಾಡಿದ್ದವರು. 2022ರ ಸೆಪ್ಟೆಂಬರ್‌ನ ಅಂದಿನ ಬಿಜೆಪಿ ಮುಖ್ಯಮಂತ್ರಿಯನ್ನು ಗುರಿಯಾಗಿಸಿದ ‘ಪೇಸಿಎಂ’ ಭಿತ್ತಿಪತ್ರಗಳು ಸುದ್ದಿಯಾದವು; ಆದರೆ ಎದುರು ಪಕ್ಷದ ಅಡುಗೆಮನೆಯವರೆಗೆ ತಲುಪಿದ್ದು ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಸಹಿ ಇದ್ದ ಗ್ಯಾರಂಟಿ ಕಾರ್ಡ್. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್, ಮನೆಯೊಡತಿಗೆ 2,000 ರೂಪಾಯಿ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಇತ್ಯಾದಿ. ಯಾರಿಗೆ ಓಟು ಹಾಕಿದಿರಿ ಎಂದು ಕೇಳದೆ ಎಲ್ಲರಿಗೂ ಸಲ್ಲುವ ಭರವಸೆ ಎಂಬುದೇ ಅದರ ಶಕ್ತಿ. ಕಾಂಗ್ರೆಸ್ 135 ಸ್ಥಾನ ಪಡೆಯಿತು.

ಬೆಂಗಳೂರಿನ 28 ಸ್ಥಾನಗಳಲ್ಲಿ ಮಾತ್ರ ಬಿಜೆಪಿಯೇ ಮುಂದಿತ್ತು: ಅದಕ್ಕೆ 16, ಕಾಂಗ್ರೆಸ್‌ಗೆ 12. ಯೋಜನೆಗಳು ಜಾರಿಯಾಗಿ, ಬಸವೇಶ್ವರನಗರದ ಮನೆಗಳಿಗೂ ಸೊನ್ನೆ ರೂಪಾಯಿಯ ಕರೆಂಟ್ ಬಿಲ್ ಬಂದ ನಂತರ ನಡೆದ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ ಕಾಂಗ್ರೆಸ್‌ಗೆ ಬಂದದ್ದು 9. ಕೆಂಗೇರಿ ಬಸ್ ನಿಲ್ದಾಣದಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆಯ ಟಿಕೆಟ್ ಪಡೆದು ಕೆಲಸಕ್ಕೆ ಹೋಗುವ ಹೆಣ್ಣುಮಗಳು ಆ ಟಿಕೆಟ್ಟಿಗೆ ಪ್ರತಿಯಾಗಿ ಓಟು ಕೊಡಬೇಕಾದ ಸಾಲಗಾರಳಲ್ಲ. ಸೌಲಭ್ಯ ಅವಳ ಹಕ್ಕು, ಓಟು ಅವಳ ತೀರ್ಮಾನ. ಇದನ್ನು ಕೃತಘ್ನತೆ ಎಂದು ದೂರುವ ನಾಯಕರು ಮುಂದಿನ ಸಲ ಆ ಮನೆಗೆ ಹೋಗುವ ಅರ್ಹತೆಯನ್ನೇ ಕಳೆದುಕೊಳ್ಳುತ್ತಾರೆ.

ಬೆನ್ನ ಹಿಂದಿನ ಪಟ್ಟಿ

ಬಾಗಿಲಿಗೆ ಬಂದು ಕೇಳುವವರನ್ನು ಸ್ವಾಗತಿಸಬೇಕು. ಬೆನ್ನ ಹಿಂದೆ ನಮ್ಮ ವಿವರ ಕಲೆಹಾಕುವವರನ್ನು ತಡೆಯಬೇಕು. 2022ರ ನವೆಂಬರ್‌ನಲ್ಲಿ ಬಯಲಿಗೆ ಬಂದ ‘ಚಿಲುಮೆ’ ಸಂಸ್ಥೆಯ ಪ್ರಕರಣ ಎಚ್ಚರಿಕೆಯ ಗಂಟೆ. ಮತದಾರರಲ್ಲಿ ಜಾಗೃತಿ ಮೂಡಿಸುತ್ತೇವೆ, ಹಣ ಬೇಡ ಎಂದು ಬಿಬಿಎಂಪಿಯಿಂದ ಅನುಮತಿ ಪಡೆದ ಆ ಸಂಸ್ಥೆಯ ಸಿಬ್ಬಂದಿ ಮತಗಟ್ಟೆ ಅಧಿಕಾರಿಗಳ ಗುರುತಿನ ಚೀಟಿ ತೋರಿಸಿ ಜನರ ವೈಯಕ್ತಿಕ ವಿವರ ಸಂಗ್ರಹಿಸಿದ ಆರೋಪ ಎದುರಾಯಿತು. ಬಂಧನಗಳಾದವು, ಹಿರಿಯ ಅಧಿಕಾರಿಗಳ ಅಮಾನತಾಯಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದ ಪಟ್ಟಿಗಳನ್ನು ಮತ್ತೆ ಪರಿಶೀಲಿಸಲು ಚುನಾವಣಾ ಆಯೋಗ ಆದೇಶಿಸಿತು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಸುಪ್ರೀಂ ಕೋರ್ಟ್ ತೀರ್ಪಿನ ಹಿಂದಿದ್ದ ಅರ್ಜಿದಾರರು ಇದೇ ಊರಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅಂಥ ಊರಿನಲ್ಲೇ ಹೀಗಾದದ್ದು ನೋವಿನ ಸಂಗತಿ.

ಕಾನೂನುಬದ್ಧವಾಗಿಯೇ ಸೋರಿಹೋಗುವ ಗುಟ್ಟೂ ಒಂದಿದೆ. ಫಲಿತಾಂಶದ ನಂತರ ಪ್ರಕಟವಾಗುವ ನಮೂನೆ 20ರಲ್ಲಿ ಪ್ರತಿ ಮತಗಟ್ಟೆಯಲ್ಲೂ ಯಾರಿಗೆ ಎಷ್ಟು ಬಿತ್ತು ಎಂಬ ವಿವರವಿರುತ್ತದೆ. ಒಂದು ಮತಗಟ್ಟೆ ಎಂದರೆ ನಾಲ್ಕಾರು ರಸ್ತೆ, ಸಾವಿರ ಚಿಲ್ಲರೆ ಮತದಾರರು. ಒಬ್ಬೊಬ್ಬರ ಓಟು ಗುಟ್ಟಾಗಿದ್ದರೂ ರಸ್ತೆಯ ಓಟು ಬಯಲು. ಸೋತವರು ಅದನ್ನು ಓದಿ ತಪ್ಪು ತಿದ್ದಿಕೊಳ್ಳಬಹುದು. ಗೆದ್ದವರು ಅದನ್ನು ಓದಿ ಆ ರಸ್ತೆಯ ಡಾಂಬರನ್ನು ತಡೆಹಿಡಿಯಲೂಬಹುದು. ಹಲವು ಮತಯಂತ್ರಗಳ ಎಣಿಕೆಯನ್ನು ಬೆರೆಸಿ ಒಟ್ಟು ಮೊತ್ತ ಮಾತ್ರ ತೋರಿಸುವ ಟೋಟಲೈಸರ್ ಯಂತ್ರವನ್ನು ಚುನಾವಣಾ ಆಯೋಗ 2008ರಲ್ಲೇ ಪ್ರಸ್ತಾಪಿಸಿತು; 2015ರಲ್ಲಿ ಕಾನೂನು ಆಯೋಗವೂ ಅದನ್ನು ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಪಕ್ಷಗಳು ಸಹಾಯವಾಣಿ, ಆ್ಯಪ್‌ಗಳ ಭರವಸೆ ಕೊಡುವ ಬದಲು ಇದನ್ನು ಬೆಂಬಲಿಸಿದರೆ ಎದುರು ಪಕ್ಷದ ಮತದಾರನಿಗೆ ನಿಜವಾದ ರಕ್ಷಣೆ ಕೊಟ್ಟಂತಾಗುತ್ತದೆ.

112 ವಾರ್ಡ್‌ಗಳು

2015ರಲ್ಲಿ ಆಯ್ಕೆಯಾದ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅಂದಿನಿಂದ ಮೋರಿ, ಬೀದಿದೀಪ, ಕಸದ ದೂರು ಹೊತ್ತ ನಾಗರಿಕನಿಗೆ ಕಾರ್ಪೊರೇಟರ್ ಎಂಬ ಬಾಗಿಲು ಮುಚ್ಚಿಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ಪಾಲಿಕೆಗಳು ರಚನೆಯಾದವು. ಹಿಂದಿನ 198 ವಾರ್ಡ್‌ಗಳ ಜಾಗದಲ್ಲಿ 369. ಅವುಗಳಲ್ಲಿ ಅತಿ ಹೆಚ್ಚು, ಅಂದರೆ 112, ಪಶ್ಚಿಮ ಪಾಲಿಕೆಗೆ ಸೇರಿವೆ.

ವಾರ್ಡ್ ಚಿಕ್ಕದಾದಷ್ಟೂ ಗೆಲುವಿನ ಅಂತರವೂ ಚಿಕ್ಕದಾಗುತ್ತದೆ. ವಿಧಾನಸಭೆ, ಲೋಕಸಭೆಗಳ ಚುನಾವಣೆಯಲ್ಲೂ ಶೇ 55ರ ಆಸುಪಾಸಿನಲ್ಲೇ ನಿಲ್ಲುವ ಬೆಂಗಳೂರಿನ ಮತದಾನದಲ್ಲಿ ಒಂದು ಅಪಾರ್ಟ್‌ಮೆಂಟ್, ಒಂದು ವಠಾರ ಮನಸ್ಸು ಬದಲಿಸಿದರೆ ಕಾರ್ಪೊರೇಟರ್ ಬದಲಾಗಬಹುದು. ಎದುರು ಪಕ್ಷದ ಮನೆಗೆ ಹೋಗದೆ ಗೆಲ್ಲುವುದು ಇನ್ನು ಯಾರಿಗೂ ಕಷ್ಟ. ಹಾಗೆ ಬಂದವರನ್ನು ಮತದಾರರು ಮೂರು ವಿಷಯ ಕೇಳಬೇಕು: ನಮ್ಮ ಮೊಬೈಲ್ ನಂಬರ್ ನಿಮಗೆ ಎಲ್ಲಿಂದ ಸಿಕ್ಕಿತು, ಗೆದ್ದರೆ ವಾರ್ಡ್ ಸಮಿತಿಯ ಸಭೆಯನ್ನು ತಿಂಗಳ ಯಾವ ದಿನ ಎಲ್ಲಿ ಕರೆಯುತ್ತೀರಿ, ಈ ರಸ್ತೆಯಲ್ಲಿ ನಿಮಗೆ ಕಡಿಮೆ ಓಟು ಬಿದ್ದರೂ ಮೋರಿ ಕೆಲಸ ಯಾವ ತಿಂಗಳೊಳಗೆ ಮುಗಿಸುತ್ತೀರಿ. ಉತ್ತರವನ್ನು ಅದೇ ಕರಪತ್ರದ ಹಿಂಬದಿಯಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಬೇಕು. ಮೂರು ಪಕ್ಷದವರು ಬಂದರೆ ಮೂರು ಹಾಳೆಗಳಾಗುತ್ತವೆ. ಮತದಾನದ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಅವನ್ನು ಪಕ್ಕಪಕ್ಕ ಇಟ್ಟುಕೊಂಡು ಓದಬಹುದು.